ನೋಟಕರ ಎಣಿಕೆ

ಸಂತೆಯಲ್ಲಿ ಧಾನ್ಯವನ್ನು ಅಳೆಯುವ ಕೊಳಗವು ಯಾರ ಕೈಯಲ್ಲಿರಬೇಕೆಂಬುದು ಹಳೆಯ ಪ್ರಶ್ನೆ. ಕಣ್ಣಿಗೆ ಕಾಣದ ನೋಟಕರನ್ನೇ ಸರಕಾಗಿ ಮಾಡಿಕೊಂಡ ಅಮೆರಿಕದ ಟೆಲಿವಿಷನ್ ವ್ಯಾಪಾರದಲ್ಲಿಯೂ ಆ ಪ್ರಶ್ನೆ ಇನ್ನೂ ತೀರಿಲ್ಲ.

ನಾಟಕಶಾಲೆಯ ಯಜಮಾನನು ಟಿಕೀಟುಗಳನ್ನು ಎಣಿಸಬಲ್ಲನು. ಆಕಾಶಕ್ಕೆ ಮಾತನ್ನು ತೂರಿಬಿಡುವ ರೇಡಿಯೋದವನಿಗೆ ಆ ಭಾಗ್ಯವಿರಲಿಲ್ಲ. ಜಾಹೀರಾತಿಗೆ ಹಣ ತೆರುವ ಸಾಬೂನಿನ ವರ್ತಕನಾದರೋ ಲೆಕ್ಕ ಕೇಳದೆ ಬಿಡುವವನಲ್ಲ. ಆದುದರಿಂದ 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿ ಎಂಬಾತನು ಮನೆಗಳಿಗೆ ಟೆಲಿಫೋನು ಮಾಡಿ, ಏನನ್ನು ಕೇಳಿದಿರೆಂದು ವಿಚಾರಿಸುವ ಕ್ರಮವನ್ನು ಹೂಡಿದನು. ನೆನಪು ಮೋಸಮಾಡುವುದುಂಟು, ಅದೂ ಅಲ್ಲದೆ ಎಷ್ಟೋ ಬಡವರ ಮನೆಯಲ್ಲಿ ಟೆಲಿಫೋನೇ ಇರಲಿಲ್ಲ. 1936ರಲ್ಲಿ ಷಿಕಾಗೋದ ಆರ್ಥರ್ ನೀಲ್ಸನ್ ಎಂಬ ಉದ್ಯಮಿಯು ಆಡಿಮೀಟರ್ ಎಂಬ ಯಂತ್ರವನ್ನು ಅದರ ನಿರ್ಮಾಪಕರಿಂದ ಕೊಂಡನು. ರೇಡಿಯೋ ಪೆಟ್ಟಿಗೆಗೆ ಜೋಡಿಸಿದ ಈ ಯಂತ್ರವು ಯಾವ ಗಳಿಗೆಯಲ್ಲಿ ಯಾವ ನಿಲಯಕ್ಕೆ ಮುಳ್ಳು ತಿರುಗಿತೆಂಬುದನ್ನು ಕಾಗದದ ಪಟ್ಟಿಯ ಮೇಲೆ ಗುರುತಿಸುತ್ತಿತ್ತು. ಪೆಟ್ಟಿಗೆಯ ಮುಂದೆ ಕುಳಿತವನು ಎಚ್ಚರವಾಗಿದ್ದನೋ ನಿದ್ರಿಸುತ್ತಿದ್ದನೋ, ಅದು ಯಂತ್ರಕ್ಕೆ ತಿಳಿಯದು.

1950ರಿಂದ ಈ ಎಣಿಕೆ ಟೆಲಿವಿಷನ್ನಿಗೂ ಹಬ್ಬಿತು. ಒಂದು ಅಗುಳನ್ನು ಹಿಸುಕಿ ಅನ್ನದ ಹದವನ್ನು ತಿಳಿಯುವಂತೆ, ಸಾವಿರದ ಆಸುಪಾಸಿನ ಮನೆಗಳಿಂದ ಕೋಟ್ಯಂತರ ಮನೆಗಳ ಅಭಿರುಚಿಯನ್ನು ನಿರ್ಣಯಿಸಲಾಯಿತು. 1953ರ ಜನವರಿ 19ರಂದು 'ಐ ಲವ್ ಲೂಸಿ' ಎಂಬ ಹಾಸ್ಯಕಥೆಯನ್ನು ಟೆಲಿವಿಷನ್ ಇದ್ದ ಮನೆಗಳಲ್ಲಿ ನೂರಕ್ಕೆ 71.7ರಷ್ಟು ನೋಡಿದುವೆಂದು ನೀಲ್ಸನ್ ಲೆಕ್ಕ ಹೇಳಿತು. 1963ರಲ್ಲಿ ಅಮೆರಿಕದ ಕಾಂಗ್ರೆಸ್ಸು ಈ ಎಣಿಕೆಗಳನ್ನೇ ವಿಚಾರಣೆಗೆ ಗುರಿಮಾಡಿದ ಮೇಲೆ, ಎಣಿಸುವವರನ್ನು ಪರೀಕ್ಷಿಸುವ ಮಂಡಲಿಯೊಂದು ಹುಟ್ಟಿತು. ಕೊಳಗಕ್ಕೆ ಮುದ್ರೆ ಬಿದ್ದಿತಷ್ಟೆ. ಆದರೆ ಅಳತೆಯೆಂಬುದು ಬರಿಯ ಅಳತೆಯಾಗಿ ಉಳಿಯಲಿಲ್ಲ. ಎಷ್ಟು ಜನರೆಂಬುದರ ಬದಲು ಎಂಥ ಜನರೆಂದು ವರ್ತಕರು ಕೇಳತೊಡಗಲು, 1971ರಲ್ಲಿ ಸಿಬಿಎಸ್ ಸಂಸ್ಥೆಯು ಹಳ್ಳಿಗರಿಗೂ ವೃದ್ಧರಿಗೂ ಪ್ರಿಯವಾಗಿದ್ದ 'ಗ್ರೀನ್ ಏಕರ್ಸ್' ಮೊದಲಾದವನ್ನು ನಿಲ್ಲಿಸಿಬಿಟ್ಟಿತು. ಆ ಮುದುಕರು ನೋಡುತ್ತಿರಲಿಲ್ಲವೆಂದಲ್ಲ. ಅವರ ನೋಟಕ್ಕೆ ಬೆಲೆಯಿರಲಿಲ್ಲ.

2005ರಲ್ಲಿ ಯೂಟ್ಯೂಬ್ ಹುಟ್ಟಿತು. 2007ರಲ್ಲಿ ನೆಟ್‌ಫ್ಲಿಕ್ಸ್ ಅಂತರಜಾಲದ ಮೂಲಕ ಚಿತ್ರಗಳನ್ನು ಮನೆಮನೆಗೆ ಹರಿಸತೊಡಗಿತು. ಇಲ್ಲಿ ಅಗುಳು ಹಿಸುಕುವ ಅಗತ್ಯವೇ ಇಲ್ಲ. ಒಂದೊಂದು ನೋಟವೂ ಸಂಸ್ಥೆಯ ಕಡತದಲ್ಲಿ ತಾನಾಗಿ ದಾಖಲಾಗುವುದು. ಎಣಿಕೆಯ ಕಷ್ಟ ತೀರಿತೆಂದು ಯಾರಾದರೂ ನಂಬಿಯಾರು. ತೀರಲಿಲ್ಲ, ಏಕೆಂದರೆ ಕೊಳಗವು ಮಾರುವವನ ಮನೆ ಸೇರಿತು. ನೆಟ್‌ಫ್ಲಿಕ್ಸ್ 2020ರಲ್ಲಿ ಎರಡು ನಿಮಿಷ ನೋಡಿದವನನ್ನೂ ನೋಟಕನೆಂದು ಎಣಿಸಿತು. 2021ರಲ್ಲಿ ಒಟ್ಟು ಗಂಟೆಗಳನ್ನು ಹಿಡಿಯಿತು. 2023ರಲ್ಲಿ ಆ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸಿತು. ಕಡೆಯ ಕ್ರಮವು ಮೊದಲಿನದಕ್ಕಿಂತ ಪ್ರಾಮಾಣಿಕವೆಂಬುದು ಸರಿ, ಆದರೆ ಮೂರನ್ನೂ ನಿಶ್ಚಯಿಸಿದವನು ವರ್ತಕನೊಬ್ಬನೇ.

ಇದರ ಬಿಸಿ ತಟ್ಟಿದ್ದು ಕಥೆ ಬರೆಯುವವರಿಗೆ. ಹಳೆಯ ಟೆಲಿವಿಷನ್ನಿನಲ್ಲಿ ಕಥೆ ಮರುಪ್ರಸಾರವಾದಾಗ ಲೇಖಕನಿಗೆ ಸಂಭಾವನೆ ಸಲ್ಲುತ್ತಿತ್ತು. ಹೊಸ ವ್ಯಾಪಾರದಲ್ಲಿ ತನ್ನ ಕಥೆ ಗೆದ್ದಿತೋ ಸೋತಿತೋ ಎಂಬುದೇ ಅವನಿಗೆ ತಿಳಿಯದು. 2023ರ ಮೇ 2ರಂದು ಅಮೆರಿಕದ ಚಿತ್ರಲೇಖಕರ ಸಂಘವು ಮುಷ್ಕರ ಹೂಡಿತು. ಅದು 148 ದಿನ ನಡೆಯಿತು. ನೋಡಿದ ಗಂಟೆಗಳ ಲೆಕ್ಕವನ್ನು ಸಂಸ್ಥೆಗಳು ಸಂಘಕ್ಕೆ ಗೋಪ್ಯವಾಗಿ ಒಪ್ಪಿಸಬೇಕೆಂದೂ, ಮೊದಲ 90 ದಿನಗಳಲ್ಲಿ ದೇಶದ ಚಂದಾದಾರರಲ್ಲಿ ನೂರಕ್ಕೆ ಇಪ್ಪತ್ತರಷ್ಟು ನೋಡಿದ ದೊಡ್ಡ ವೆಚ್ಚದ ಕೃತಿಗಳಿಗೆ ಹೆಚ್ಚಿನ ಹಣ ಸಲ್ಲಬೇಕೆಂದೂ ಒಪ್ಪಂದವಾಯಿತು. ಅದೇ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ 18,000ಕ್ಕೂ ಮಿಕ್ಕ ಕೃತಿಗಳ ಲೆಕ್ಕವನ್ನು ತಾನಾಗಿ ಪ್ರಕಟಿಸಿತು.

2025ರ ಮೇ ತಿಂಗಳಿನಲ್ಲಿ ಅಮೆರಿಕದ ಟೆಲಿವಿಷನ್ ವೀಕ್ಷಣೆಯಲ್ಲಿ ಅಂತರಜಾಲದ ಪಾಲು ನೂರಕ್ಕೆ 44.8 ಆಗಿ, ಹಳೆಯ ಪ್ರಸಾರ ಮತ್ತು ಕೇಬಲ್ ಎರಡೂ ಕೂಡಿದ 44.2ನ್ನು ಮೊದಲ ಬಾರಿಗೆ ಮೀರಿತು. ಈ ಸುದ್ದಿಯನ್ನು ಕೊಟ್ಟದ್ದು ನೀಲ್ಸನ್ ಸಂಸ್ಥೆಯೇ; ಆಯ್ದ ಮನೆಗಳಲ್ಲಿ ಯಂತ್ರವಿರಿಸಿ, ಅಗುಳು ಹಿಸುಕಿ ನೋಡುವ ಆ ಹಳೆಯ ಕ್ರಮದಿಂದಲೇ.