ಹಿನ್ನೆಲೆ ಸಂಗೀತದ ಓಲೆಗರಿಗಳು

ಕೂಡಿಡುವ ಹುಚ್ಚು ಮನುಷ್ಯನಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಅಂಚೆಚೀಟಿ ಕೂಡಿಡುವವರುಂಟು, ಸವೆದ ನಾಣ್ಯ ಕೂಡಿಡುವವರುಂಟು, ಬೆಂಕಿಪೊಟ್ಟಣದ ಚೀಟಿಗಳನ್ನು ಕೂಡಿಡುವವರನ್ನೂ ನಾವು ಕಂಡಿದ್ದೇವೆ. ಆದರೆ ಮಾತೂ ಇಲ್ಲದ, ಹಾಡೂ ಇಲ್ಲದ ಚಲಚ್ಚಿತ್ರದ ಹಿನ್ನೆಲೆ ಸಂಗೀತವನ್ನೇ ತಟ್ಟೆಗಳಲ್ಲಿ ಕೂಡಿಡುವವರ ಬಳಗವೊಂದು ಅಮೆರಿಕ, ಯೂರೋಪುಗಳಲ್ಲಿದೆಯೆಂದರೆ ನಮ್ಮಲ್ಲಿ ಹಲವರಿಗೆ ಸೋಜಿಗವಾದೀತು. ಚಿತ್ರ ನೋಡುವಾಗ ಕಿವಿಗೆ ಬಿದ್ದೂ ಬೀಳದಂತೆ ಹಿಂದೆ ನಿಲ್ಲಬೇಕಾದ ಸಂಗೀತವನ್ನು ಚಿತ್ರವಿಲ್ಲದೆ ಕೇಳುವುದೆಂದರೇನು? ಅನ್ನವಿಲ್ಲದೆ ಒಗ್ಗರಣೆಯ ಘಮವನ್ನಷ್ಟೇ ಉಂಡಂತಲ್ಲವೆ ಎಂದು ಯಾರಾದರೂ ಕೇಳಿದರೆ ಅದು ಅಸಹಜವಲ್ಲ.

ಈ ಬಳಗದ ಸಡಗರ ನೋಡುವಂಥದು. ಹೊಸ ಸಿ.ಡಿ. ತಟ್ಟೆಯೊಂದು ಹೊರಬರುತ್ತದೆಂಬ ಸುಳಿವು ಸಿಕ್ಕಿದ ದಿನದಿಂದಲೇ ಅದು ಯಾವ ಚಿತ್ರದ್ದಿರಬಹುದೆಂಬ ಊಹಾಪೋಹ ಮೊದಲಾಗುತ್ತದೆ. ಪ್ರಕಟಣೆಯ ಗಳಿಗೆಗೆ ದುಡ್ಡು ಹಿಡಿದು ಕಾದಿದ್ದು, ಹೆಸರು ಕಂಡ ಕೂಡಲೆ ಬೇಡಿಕೆ ಕಳುಹಿಸುತ್ತಾರೆ. ಆಮೇಲೆ ಅಂಚೆಯವನ ದಾರಿ ಕಾಯುವ ವ್ರತ. ‘ನಿನಗೆ ಬಂತೆ? ನನಗಿನ್ನೂ ಬಂದಿಲ್ಲ’ ಎಂಬ ಮಾತು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹರಿದಾಡುತ್ತದೆ. ಕೊನೆಗೆ ಕಟ್ಟು ಕೈಸೇರಿದಾಗ ತಟ್ಟೆಯನ್ನು ತಟಕ್ಕನೆ ಯಂತ್ರಕ್ಕೆ ಹಾಕುವುದಿಲ್ಲ. ಮೊದಲು ಹಿಂಬದಿಯ ಪಟ್ಟಿಯನ್ನು ನೋಡಬೇಕು: ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲಿ ಗುಂಯ್‌ಗುಟ್ಟುತ್ತಿದ್ದ ಆ ಬೀಳ್ಕೊಡುಗೆಯ ದೃಶ್ಯದ ಸಂಗೀತ ಇದರಲ್ಲಿದೆಯೆ? ಆಮೇಲೆ ಒಳಗಿನ ಪುಸ್ತಿಕೆಯನ್ನು ಓದಬೇಕು. ತಟ್ಟೆ ತಿರುಗುವುದು ಆ ಬಳಿಕ. ನನ್ನ ಬಳಿಯೂ ಇಂಥ ಕೆಲವು ತಟ್ಟೆಗಳಿರುವುದರಿಂದ, ಹೊರಗೆ ನಿಂತು ಈ ಸಡಗರವನ್ನು ನಗೆಯಾಡುವ ಹಕ್ಕು ನನಗಿಲ್ಲ. ಅದರ ಹಿಂದಿನ ಇತಿಹಾಸವನ್ನು ಬಲ್ಲವರು ಇದನ್ನು ಮಕ್ಕಳಾಟವೆನ್ನಲಾರರು ಎಂಬುದಷ್ಟೇ ನನ್ನ ವಾದ.

ವಾಕ್ಚಿತ್ರಗಳು ಆರಂಭವಾದ ಹೊಸದರಲ್ಲಿ ಹಿನ್ನೆಲೆ ಸಂಗೀತಕ್ಕೆ ಗೌರವವಿರಲಿಲ್ಲ. ೧೯೩೩ರ ‘ಕಿಂಗ್ ಕಾಂಗ್’ ಚಿತ್ರಕ್ಕೆ ಹಳೆಯ ಚಿತ್ರಗಳ ಸಂಗೀತವನ್ನೇ ತೇಪೆಹಾಕಿದರೆ ಸಾಕೆಂಬುದು ಕಂಪೆನಿಯ ಧಣಿಗಳ ಎಣಿಕೆಯಾಗಿತ್ತು. ನಿರ್ಮಾಪಕ ಮೆರಿಯನ್ ಕೂಪರ್ ಒಪ್ಪದೆ, ಖರ್ಚು ತನ್ನದೆಂದು ಹೇಳಿ ಮ್ಯಾಕ್ಸ್ ಸ್ಟೈನರನಿಂದ ಹೊಸದಾಗಿ ಬರೆಯಿಸಿದ. ಸ್ಟೈನರ್ ವಿಯೆನ್ನಾ ನಗರದಲ್ಲಿ ಹುಟ್ಟಿದವನು. ಅದೇ ನಗರದಲ್ಲಿ ಬಾಲಪ್ರತಿಭೆಯೆಂದು ಹೆಸರಾಗಿದ್ದ ಕಾರ್ನ್‌ಗೋಲ್ಡ್, ಬುಡಾಪೆಸ್ಟಿನ ಮಿಕ್ಲೋಶ್ ರೋಜಾ ಮೊದಲಾದವರೂ ಹಾಲಿವುಡ್ಡಿಗೆ ಬಂದರು. ದೊಡ್ಡ ವಾದ್ಯವೃಂದಕ್ಕೆ ಬರೆಯಬಲ್ಲ ವಿದ್ವಾಂಸರು ಹೀಗೆ ಒಂದೆಡೆ ನೆರೆದರು. ಆದರೆ ಅವರು ಬರೆದದ್ದು ಅವರದಾಗಲಿಲ್ಲ. ಕರಾರಿನ ಪ್ರಕಾರ ಸ್ವರಲಿಪಿಯೂ ಧ್ವನಿಮುದ್ರಣವೂ ಕಂಪೆನಿಯ ಆಸ್ತಿ. ಚಿತ್ರ ಬಿಡುಗಡೆಯಾದ ಮೇಲೆ ಅವೆರಡೂ ಉಗ್ರಾಣದ ಮೂಲೆ ಸೇರುತ್ತಿದ್ದವು.

ಹಾಡಿನ ಪಾಡು ಬೇರೆ. ‘ಸ್ನೋ ವೈಟ್’ ಚಿತ್ರದ ಹಾಡುಗಳನ್ನು ೧೯೩೮ರಲ್ಲೇ ಗ್ರಾಮಾಫೋನ್ ತಟ್ಟೆಗಳಾಗಿ ಮಾರಿದರು. ಹಾಡಿಲ್ಲದ ಸಂಗೀತವನ್ನು ಕೊಳ್ಳುವವರಾರು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಕೆಲವು ವರ್ಷಗಳ ಅನಂತರ. ಆ ಉತ್ತರದಲ್ಲಿ ನಮ್ಮ ಮೈಸೂರು ಸೀಮೆಯ ಹುಡುಗನೊಬ್ಬನ ದನಿ ಸೇರಿಕೊಂಡಿದೆಯೆಂಬುದು ಸ್ವಾರಸ್ಯದ ಸಂಗತಿ. ಮೈಸೂರಿನ ಬಳಿಯ ಕಾರಾಪುರದಲ್ಲಿ ೧೯೨೪ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು ‘ಎಲಿಫೆಂಟ್ ಬಾಯ್’ ಚಿತ್ರದ ಮೂಲಕ ೧೯೩೭ರಲ್ಲಿ ಲೋಕಕ್ಕೆಲ್ಲ ಪರಿಚಿತನಾದ. ೧೯೪೨ರ ‘ಜಂಗಲ್ ಬುಕ್’ ಚಿತ್ರದಲ್ಲಿ ಅವನೇ ಮೌಗ್ಲಿ, ಸಂಗೀತ ರೋಜಾನದು. ಆ ಸಂಗೀತವನ್ನು ಆರ್.ಸಿ.ಎ. ವಿಕ್ಟರ್ ಕಂಪೆನಿ ತಟ್ಟೆಗಳಲ್ಲಿ ಹೊರತಂದಾಗ ವಾದ್ಯವೃಂದವನ್ನು ನಡೆಸಿದವನು ರೋಜಾ, ನಡುನಡುವೆ ಕಥೆ ಹೇಳಿದವನು ಸಾಬು. ಅಮೆರಿಕದ ಚಿತ್ರವೊಂದರ ಹಿನ್ನೆಲೆ ಸಂಗೀತ ಹೀಗೆ ಮಾರಾಟದ ತಟ್ಟೆಗಳಾಗಿ ಬಂದ ಮೊಟ್ಟಮೊದಲ ನಿದರ್ಶನಗಳಲ್ಲಿ ಇದು ಒಂದು. ಹಳೆಯ ತಟ್ಟೆಯಿಂದ ಎತ್ತಿದ ಪ್ರತಿಯೊಂದರಲ್ಲಿ ಆ ದನಿಯನ್ನು ನಾನು ಕೇಳಿದ್ದೇನೆ. ಮುಳ್ಳಿನ ಕರಕರ ಸದ್ದಿನ ನಡುವೆ ಆನೆ, ತೋಳ, ಹುಲಿಗಳಿಗೆ ಒಂದೊಂದು ವಾದ್ಯದ ಗುರುತು; ಅವುಗಳ ಪರಿಚಯ ಮಾಡಿಕೊಡುವವನು ಕಬಿನಿಯ ಕಾಡನ್ನು ಕಣ್ಣಾರೆ ಕಂಡ ಹುಡುಗ.

೧೯೪೮ರಲ್ಲಿ ದೀರ್ಘಕಾಲದ ತಟ್ಟೆ, ಅಂದರೆ ಎಲ್.ಪಿ. ಬಂದಿತು. ಚಿತ್ರಸಂಗೀತದ ತಟ್ಟೆಗಳೂ ಹೆಚ್ಚಿದವು. ಆದರೆ ಒಂದೂವರೆ ಗಂಟೆಯ ಸಂಗೀತದಲ್ಲಿ ಅರ್ಧ ಗಂಟೆಯಷ್ಟನ್ನು ಆಯ್ದುಕೊಟ್ಟರೆ ಅದೇ ದೊಡ್ಡದು. ಕೆಲವು ತಟ್ಟೆಗಳು ಮಾರುಕಟ್ಟೆಯ ಮುಖವನ್ನೇ ಕಾಣಲಿಲ್ಲ. ೧೯೫೪ರ ‘ಕೇನ್ ಮ್ಯೂಟಿನಿ’ಯ ಕಥೆ ಇಂಥದು. ಒಂದು ಬದಿಯಲ್ಲಿ ಸ್ಟೈನರನ ಸಂಗೀತ, ಇನ್ನೊಂದು ಬದಿಯಲ್ಲಿ ಸೈನಿಕ ನ್ಯಾಯಾಲಯದ ದೃಶ್ಯದ ಸಂಭಾಷಣೆ. ಕಾದಂಬರಿಕಾರ ಹರ್ಮನ್ ವೂಕ್ ಸಂಭಾಷಣೆಯ ಬಳಕೆಗೆ ಆಕ್ಷೇಪವೆತ್ತಿದ. ಕಂಪೆನಿ ತಟ್ಟೆಯನ್ನು ಹಿಂದೆಗೆದುಕೊಂಡಿತು. ಹೇಗೋ ಹೊರಬಿದ್ದ ಬೆರಳೆಣಿಕೆಯ ಪ್ರತಿಗಳಿಗೆ ಸಂಗ್ರಹಕಾರರು ಸಾವಿರಗಟ್ಟಲೆ ಡಾಲರು ತೆತ್ತದ್ದುಂಟು.

ಮುಂದಿನ ಹಾನಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಎಂ.ಜಿ.ಎಂ. ಚಿತ್ರಸಂಸ್ಥೆಯ ಸಂಗೀತ ಗ್ರಂಥಾಲಯದಲ್ಲಿ ಹತ್ತಾರು ವರ್ಷಗಳ ಸ್ವರಲಿಪಿಗಳೂ ಒಬ್ಬೊಬ್ಬ ವಾದಕನಿಗಾಗಿ ಬರೆದ ಪ್ರತಿಗಳೂ ತುಂಬಿದ್ದವು. ಸಂಸ್ಥೆ ಕೈಬದಲಾದ ೧೯೬೯ರ ಸುಮಾರಿನಲ್ಲಿ, ಜಾಗ ಸಾಲದೆಂದು ಹೊಸ ಆಡಳಿತ ಅವನ್ನೆಲ್ಲ ಕಸದ ಹಳ್ಳಕ್ಕೆ ಸುರಿಸಿತು. ಪಿಯಾನೋದಲ್ಲಿ ನುಡಿಸಿ ನೋಡುವುದಕ್ಕೆಂದು ಮಾಡಿಕೊಂಡಿದ್ದ ಸಂಕ್ಷಿಪ್ತ ಪ್ರತಿಗಳು ಅಲ್ಲಲ್ಲಿ ಉಳಿದವು. ಇಂಗ್ಲೆಂಡಿನ ಜಾನ್ ವಿಲ್ಸನ್ ಎಂಬ ವಾದ್ಯವೃಂದ ನಿರ್ದೇಶಕ ಅವನ್ನು ಹಿಡಿದು, ಚಿತ್ರಗಳ ಧ್ವನಿಯನ್ನು ಮತ್ತೆ ಮತ್ತೆ ಕಿವಿಗೊಟ್ಟು ಕೇಳಿ, ಯಾವ ವಾದ್ಯ ಯಾವ ಸ್ವರ ನುಡಿಸಿತೆಂದು ಒಂದೊಂದನ್ನೇ ಮರಳಿ ಬರೆದು, ೨೦೦೯ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ತೋರಿಸಿದ. ಸುರಿದು ಬರುವುದಕ್ಕೆ ಕೆಲವು ಲಾರಿಗಳು ಸಾಕಾಗಿದ್ದುವು. ಅದರಲ್ಲಿ ಒಂದು ಪಾಲನ್ನು ಮರಳಿ ಪಡೆಯುವುದಕ್ಕೆ ವರ್ಷಗಟ್ಟಲೆ ತಪಸ್ಸು ಬೇಕಾಯಿತು.

ಹಳೆಗನ್ನಡದ ಪಾಠ ಹೇಳುವ ನನ್ನಂಥವನಿಗೆ ಈ ಕಥೆ ಹೊಸದೆನಿಸುವುದಿಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ನಮಗಿಲ್ಲ. ಅದನ್ನು ಯಾವ ಮನೆಯ ಅಟ್ಟದ ಮೇಲೆ ಗೆದ್ದಲು ತಿಂದಿತೋ, ಯಾವ ಹೊಳೆಗೆ ಬಿಟ್ಟರೋ! ಇತ್ತ ‘ವಡ್ಡಾರಾಧನೆ’ ಉಳಿದು, ಡಿ.ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಅದನ್ನು ಶೋಧಿಸಿ ಅಚ್ಚುಮಾಡಿಸಿದ್ದರಿಂದ ಕನ್ನಡ ಗದ್ಯದ ಚರಿತ್ರೆಯೇ ಬೇರೆಯಾಯಿತು. ಓಲೆಗರಿಯ ಕಟ್ಟಿಗೂ ಧ್ವನಿಪಟ್ಟಿಯ ಸುರುಳಿಗೂ ಒಂದೇ ಬಗೆಯ ಹಣೆಬರಹ. ಹುಡುಕುವವನು ಗೆದ್ದಲಿಗಿಂತ ಮೊದಲು ಬರಬೇಕು.

ಚಿತ್ರಸಂಗೀತದಲ್ಲಿ ಹುಡುಕುವವರು ತಡವಾಗಿಯಾದರೂ ಬಂದರು. ೧೯೭೨ರಲ್ಲಿ ಚಾರ್ಲ್ಸ್ ಗೆರ್ಹಾರ್ಟ್, ಕಾರ್ನ್‌ಗೋಲ್ಡನ ಸಂಗೀತವನ್ನು ಅವನ ಮಗ ಜಾರ್ಜನ ನೆರವಿನಿಂದ ಲಂಡನ್ನಿನಲ್ಲಿ ಹೊಸದಾಗಿ ನುಡಿಸಿ ಮುದ್ರಿಸಿದ. ‘ಸೀ ಹಾಕ್’ ಎಂಬ ಆ ತಟ್ಟೆ ಚೆನ್ನಾಗಿ ಮಾರಾಟವಾಗಿ, ಅದರ ಬೆನ್ನಿಗೆ ಒಂದು ಮಾಲೆಯೇ ಬೆಳೆಯಿತು. ೧೯೭೭ರಲ್ಲಿ ಜಾನ್ ವಿಲಿಯಮ್ಸನ ‘ಸ್ಟಾರ್ ವಾರ್ಸ್’ ಸಂಗೀತ ಎರಡು ತಟ್ಟೆಗಳಾಗಿ ಬಂದು ಹತ್ತು ಲಕ್ಷದ ಗಡಿ ದಾಟಿದಾಗ, ಹಾಡಿಲ್ಲದ ಸಂಗೀತಕ್ಕೆ ಗಿರಾಕಿಯಿಲ್ಲವೆಂಬ ಮಾತು ಸುಳ್ಳಾಯಿತು. ಆ ತಟ್ಟೆ ಕೇಳಿ ಬೆಳೆದ ಹುಡುಗರೇ ಮುಂದಿನ ಸಂಗ್ರಹಕಾರರು.

೧೯೮೨ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಿತು. ಹನ್ನೆರಡು ಸೆಂಟಿಮೀಟರಿನ ಆ ತಟ್ಟೆಯಲ್ಲಿ ಎಪ್ಪತ್ತನಾಲ್ಕು ನಿಮಿಷದ ಸಂಗೀತ ಹಿಡಿಸುತ್ತಿತ್ತು. ಆದರೂ ಆ ದಶಕದ ಎಷ್ಟೋ ಚಿತ್ರಸಂಗೀತದ ಸಿ.ಡಿ.ಗಳು ಅರ್ಧ ಗಂಟೆಗೇ ಮುಗಿದುಹೋಗುತ್ತಿದ್ದವು. ಕಾರಣ ತಂತ್ರವಲ್ಲ, ಹಣ. ಅಮೆರಿಕದ ವಾದಕರ ಸಂಘದ ಕರಾರಿನಂತೆ, ಚಿತ್ರಕ್ಕಾಗಿ ನುಡಿಸಿದ್ದನ್ನು ತಟ್ಟೆಯಾಗಿ ಮಾರಬೇಕಾದರೆ ವಾದಕರಿಗೆ ಮತ್ತೊಮ್ಮೆ ಸಂಭಾವನೆ ಸಲ್ಲಬೇಕು. ಸಂಗೀತ ಉದ್ದವಾದಷ್ಟೂ ಸಲ್ಲಿಕೆ ಹೆಚ್ಚು. ಇದನ್ನು ಅನ್ಯಾಯವೆನ್ನಲಾಗದು. ಯಂತ್ರ ತಮ್ಮ ಅನ್ನ ಕಸಿಯುತ್ತದೆಂದು ೧೯೪೨ರಿಂದ ಎರಡು ವರ್ಷಕ್ಕೂ ಮೀರಿ ತಟ್ಟೆ ಕಂಪೆನಿಗಳಿಗೆ ನುಡಿಸದೆ ಮುಷ್ಕರ ಹೂಡಿದ್ದ ಸಂಘ ಅದು. ಆದರೆ ಹಳೆಯ, ಜನ ಮರೆತ ಚಿತ್ರದ ಸಂಗೀತವನ್ನು ಪೂರ್ತಿಯಾಗಿ ಕೊಡುವುದು ಇದರಿಂದ ಕೈಗೆಟುಕದ ಕೆಲಸವಾಯಿತು.

ಪರಿಹಾರ ಬಂದದ್ದು ಸಣ್ಣ ಸಣ್ಣ ಸಂಸ್ಥೆಗಳಿಂದ. ವಾರೇಸ್ ಸಾರಾಬಾಂಡ್, ಇಂಟ್ರಾಡಾ, ಲಾ-ಲಾ ಲ್ಯಾಂಡ್ ಮೊದಲಾದವು ಎಣಿಸಿದಷ್ಟೇ ಪ್ರತಿಗಳನ್ನು ಮುದ್ರಿಸಿ, ಕಟ್ಟಾ ರಸಿಕರಿಗೆ ನೇರವಾಗಿ ಮಾರುವ ಪದ್ಧತಿಯನ್ನು ಬೆಳೆಸಿದವು. ೧೯೯೦ರಲ್ಲಿ ಲೂಕಸ್ ಕೆಂಡಲ್ ಎಂಬ ಶಾಲಾ ಹುಡುಗ ಆರಂಭಿಸಿದ ‘ಫಿಲ್ಮ್ ಸ್ಕೋರ್ ಮಂತ್ಲಿ’ ಪತ್ರಿಕೆಯೂ ಮುಂದೆ ತಾನೇ ಸಿ.ಡಿ.ಗಳನ್ನು ತಂದಿತು. ಅದರ ಮಾಲೆಗಳಲ್ಲಿ ಸಾಮಾನ್ಯವಾಗಿ ಮೂರು ಸಾವಿರ ಪ್ರತಿ, ಅಷ್ಟಕ್ಕೆ ಮುಗಿಯಿತು. ಇಷ್ಟು ಕಡಮೆ ಪ್ರತಿಗಳಿಂದ ಬಂದ ಹಣದಲ್ಲೇ ಉಗ್ರಾಣದ ಪೆಟ್ಟಿಗೆಗಳನ್ನು ಬಿಚ್ಚಿಸಬೇಕು, ಒಣಗಿ ಸುಕ್ಕಾದ ಪಟ್ಟಿಗಳನ್ನು ಶುದ್ಧಿಮಾಡಬೇಕು, ವಾದಕರಿಗೂ ಒಡೆಯರಿಗೂ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ೧೯೫೯ರ ‘ಬೆನ್-ಹರ್’ಗೆ ರೋಜಾ ಬರೆದ ಸಂಗೀತವನ್ನು ಇದೇ ಪತ್ರಿಕೆ ೨೦೧೨ರಲ್ಲಿ ಐದು ತಟ್ಟೆಗಳಲ್ಲಿ ಹೊರತಂದಿತು. ಚಿತ್ರ ತೆರೆಗೆ ಬಂದ ಐವತ್ತು ವರ್ಷಗಳ ಮೇಲೆ, ಸಂಗೀತಗಾರ ತೀರಿಕೊಂಡ ಹದಿನೇಳು ವರ್ಷಗಳ ಮೇಲೆ!

ಅಲೆಕ್ಸ್ ನಾರ್ತನ ವೃತ್ತಾಂತ ಇದಕ್ಕಿಂತ ಕರುಣಾಜನಕ. ‘೨೦೦೧: ಎ ಸ್ಪೇಸ್ ಒಡಿಸ್ಸಿ’ ಚಿತ್ರಕ್ಕೆ ಅವನು ಹಗಲಿರುಳು ದುಡಿದು ಸಂಗೀತ ಬರೆದ. ನಿರ್ದೇಶಕ ಕುಬ್ರಿಕ್ ಅದನ್ನು ಕೈಬಿಟ್ಟು ಹಿಂದಿನ ಶಾಸ್ತ್ರೀಯ ಕೃತಿಗಳನ್ನೇ ಬಳಸಿಕೊಂಡ. ಇದು ನಾರ್ತನಿಗೆ ತಿಳಿದದ್ದು ೧೯೬೮ರಲ್ಲಿ, ಚಿತ್ರದ ಮೊದಲ ಪ್ರದರ್ಶನದಲ್ಲಿ ಕುಳಿತಾಗ. ಅವನು ೧೯೯೧ರಲ್ಲಿ ತೀರಿಕೊಂಡ. ೧೯೯೩ರಲ್ಲಿ ಗೆಳೆಯ ಜೆರ್ರಿ ಗೋಲ್ಡ್‌ಸ್ಮಿತ್ ಲಂಡನ್ನಿನಲ್ಲಿ ಅದನ್ನು ನುಡಿಸಿ ಮುದ್ರಿಸಿದ. ೨೦೦೭ರಲ್ಲಿ ೧೯೬೮ರ ಮೂಲ ಮುದ್ರಣವೇ ಸಿ.ಡಿ.ಯಾಗಿ ಹೊರಬಂದಿತು. ಯಾವ ಚಿತ್ರದಲ್ಲೂ ಕೇಳಿಬರದ ಚಿತ್ರಸಂಗೀತ ಅದು! ಅದರ ಕಟ್ಟನ್ನು ಬಿಚ್ಚಿದವನ ಕೈ ಸ್ವಲ್ಪ ನಡುಗಿದ್ದರೆ ಆಶ್ಚರ್ಯವೇನು?

ಇಂಥ ತಟ್ಟೆಯ ಪುಸ್ತಿಕೆಯನ್ನು ಓದುವಾಗ ನನಗೆ ಗ್ರಂಥಸಂಪಾದನೆಯ ನೆನಪಾಗುತ್ತದೆ. ಯಾವ ದೃಶ್ಯಕ್ಕೆ ಯಾವ ಭಾಗ, ಯಾವುದನ್ನು ಕತ್ತರಿಸಿದರು, ಮೂಲ ಪಟ್ಟಿ ಎಲ್ಲಿ ಹಾಳಾಗಿತ್ತು ಎಂಬುದೆಲ್ಲ ಅಲ್ಲಿ ಮುನ್ನುಡಿಯಂತೆ ಬರುತ್ತದೆ. ಒಂದೇ ದೃಶ್ಯಕ್ಕೆ ಎರಡು ಬಾರಿ ಬರೆದಿದ್ದರೆ ತಿರಸ್ಕೃತವಾದದ್ದನ್ನು ತಟ್ಟೆಯ ಕೊನೆಗೆ ಸೇರಿಸುತ್ತಾರೆ. ಅವು ನಮ್ಮ ಅಡಿಟಿಪ್ಪಣಿಯ ಪಾಠಾಂತರಗಳೇ. ಸಂಗ್ರಹಕಾರ ಪಾಠಾಂತರಕ್ಕಾಗಿ ಹಾತೊರೆಯುವುದನ್ನು ಕಂಡು ಪಂಡಿತರು ನಗಲಾರರು.

ಈ ಬಳಗದಲ್ಲಿ ಕೊರತೆಗಳಿಲ್ಲವೆನ್ನಲಾರೆ. ಮೂರು ಸಾವಿರ ಪ್ರತಿಯೆಂದಾಗ, ಕೇಳುವುದಕ್ಕಲ್ಲ, ಮುಂದೆ ಮೂರು ಪಟ್ಟು ಬೆಲೆಗೆ ಮಾರುವುದಕ್ಕೆಂದೇ ಕೊಳ್ಳುವವರು ಸೇರಿಕೊಳ್ಳುತ್ತಾರೆ. ಮುದ್ರೆ ಒಡೆಯದ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿ ತೃಪ್ತರಾಗುವವರೂ ಇದ್ದಾರೆ. ಬೇಕಾದ ಸಂಗೀತ ಕೈಫೋನಿನಲ್ಲೇ ಕೇಳಿಬರುವ ಈ ದಿನಗಳಲ್ಲಿ ತಟ್ಟೆಯ ಹಂಗೇಕೆ ಎಂಬ ಪ್ರಶ್ನೆಯೂ ಸಹಜ. ಆದರೆ ಫೋನಿನಲ್ಲಿ ಬರುವುದು ಯಾರೋ ಮೊದಲೇ ಉಳಿಸಿ ಶುದ್ಧಿಮಾಡಿದ್ದು ಮಾತ್ರ. ಹಳೆಯ ಸುರುಳಿಯನ್ನು ಉಗ್ರಾಣದಿಂದ ಈಚೆಗೆ ತರುವ ಖರ್ಚನ್ನು ಇಂದಿಗೂ ಬಹುಪಾಲು ಹೊರುತ್ತಿರುವವರು ತಟ್ಟೆ ಕೊಳ್ಳುವ ಈ ಕೆಲವೇ ಸಾವಿರ ಜನ. ಅವರ ಸಡಗರವೇ ಆ ಕೆಲಸಕ್ಕೆ ಬಂಡವಾಳ.

ನಮ್ಮ ಕಡೆ ನೋಡೋಣ. ಕನ್ನಡ ಚಿತ್ರಗಳ ಹಾಡುಗಳು ತಟ್ಟೆ, ಕ್ಯಾಸೆಟ್ಟು, ಆಕಾಶವಾಣಿಗಳ ಮೂಲಕ ಮನೆಮನೆಯನ್ನೂ ಹೊಕ್ಕವು. ಹಿನ್ನೆಲೆ ಸಂಗೀತ ಬಹುಮಟ್ಟಿಗೆ ಚಿತ್ರದೊಳಗೇ ಉಳಿಯಿತು. ೧೯೭೦ರ ‘ಸಂಸ್ಕಾರ’ಕ್ಕೆ ರಾಜೀವ ತಾರಾನಾಥರು, ೧೯೭೭ರ ‘ಘಟಶ್ರಾದ್ಧ’ಕ್ಕೆ ಬಿ.ವಿ. ಕಾರಂತರು ಕೊಟ್ಟ ಸಂಗೀತ ಸಾಮಾನ್ಯವಾದುದೆ? ಹಾಡನ್ನು ಉಳಿಸುವುದಕ್ಕೆ ಜನರ ನಾಲಗೆಯಿದೆ. ತಟ್ಟೆ ಒಡೆದರೂ ಅಜ್ಜಿ ಮೊಮ್ಮಗಳಿಗೆ ಹೇಳಿಕೊಟ್ಟಾಳು. ಹಿನ್ನೆಲೆ ಸಂಗೀತವನ್ನು ಯಾರೂ ಗುನುಗಿ ಉಳಿಸಲಾರರು. ಅದರ ಪ್ರಾಣವೆಲ್ಲ ಒಂದು ಸುರುಳಿಯಲ್ಲಿ, ಒಬ್ಬ ವಾದಕನ ಟಿಪ್ಪಣಿ ಪುಸ್ತಕದಲ್ಲಿ ಇರುತ್ತದೆ. ಹಳೆಯ ಸ್ಟುಡಿಯೋಗಳ ಕೋಣೆಗಳಲ್ಲಿ, ತೀರಿಕೊಂಡ ವಾದಕರ ಮನೆಗಳ ಟ್ರಂಕುಗಳಲ್ಲಿ ಇಂಥವು ಉಳಿದಿದ್ದರೆ, ತೂಕಕ್ಕೆ ಹಾಕುವ ಮುನ್ನ ಮನೆಯವರು ಒಂದು ವಿಶ್ವವಿದ್ಯಾನಿಲಯದ ಬಾಗಿಲನ್ನಾದರೂ ತಟ್ಟಿ ನೋಡಬೇಕು. ವಿಶ್ವವಿದ್ಯಾನಿಲಯಗಳೂ ಬಾಗಿಲು ತೆರೆಯಬೇಕು.