ವ್ಲಾದಿಮಿರ್

ಸ್ಲಾವ್ ಜನರಲ್ಲಿ ಸಾವಿರ ವರ್ಷಕ್ಕೂ ಮೀರಿ ಬಳಕೆಯಲ್ಲಿರುವ ಪುರುಷನಾಮ. ರಷ್ಯನ್, ಬಲ್ಗೇರಿಯನ್, ಸರ್ಬಿಯನ್, ಜೆಕ್ ಮೊದಲಾದ ಭಾಷೆಗಳಲ್ಲಿ ಇದೇ ರೂಪವಿದೆ. ಉಕ್ರೇನಿಯನ್ನಿನಲ್ಲಿ ವೊಲೊದಿಮಿರ್, ಬೆಲರೂಸಿಯನ್ನಿನಲ್ಲಿ ಉಲಾದ್ಜಿಮಿರ್, ಪೋಲಿಷ್‌ನಲ್ಲಿ ವ್ವೊಜಿಮ್ಯೆಶ್. 'ಲೋಕವನ್ನು ಆಳುವವನು', 'ಶಾಂತಿಯ ಒಡೆಯ' ಎಂಬ ಅರ್ಥಗಳು ಜನಪ್ರಿಯವಾಗಿವೆ. ಆದರೆ ಹಳೆಯ ಬರಹಗಳ ಆಧಾರ ಅವಕ್ಕೆ ದುರ್ಬಲ. 'ಆಳ್ವಿಕೆಯಲ್ಲಿ ಹಿರಿಯನು' ಅಥವಾ 'ಆಳ್ವಿಕೆಯಿಂದ ಹೆಸರಾದವನು' ಎಂಬುದೇ ಮೂಲಾರ್ಥಕ್ಕೆ ಹತ್ತಿರ.

ವ್ಯುತ್ಪತ್ತಿ

ಎರಡು ಪದಗಳನ್ನು ಸೇರಿಸಿ ಹೆಸರಿಡುವುದು ಇಂಡೋ-ಯುರೋಪಿಯನ್ ಭಾಷೆಗಳ ಪುರಾತನ ಪದ್ಧತಿ. ಯಾರೊಸ್ಲಾವ್, ಸ್ತನಿಸ್ಲಾವ್ ಮುಂತಾದ ಹೆಸರುಗಳ ಕೊನೆಯ 'ಸ್ಲಾವ' ಕೀರ್ತಿಯನ್ನು ಹೇಳುತ್ತದೆ. ಅದು ಸಂಸ್ಕೃತದ 'ಶ್ರವಸ್'ಗೆ ಬಂಧು. ವ್ಲಾದಿಮಿರ್ ಕೂಡ ಇಂಥದೇ ಜೋಡಿಹೆಸರು.

ಇದರ ಮೊದಲ ಅಂಗದ ಬಗ್ಗೆ ವಿವಾದವಿಲ್ಲ. ಆಳು, ಒಡೆತನ ಹೊಂದು ಎಂಬ ಅರ್ಥದ ಈ ಧಾತುವಿಗೆ ಜರ್ಮನ್ನಿನ 'ವಾಲ್ಟೆನ್', ಲಿಥುವೇನಿಯನ್ನಿನ 'ವಲ್ದೀತಿ' ಸಂಬಂಧಿಗಳು. ಮೂಲದ 'ವಲ್ದ್' ಎಂಬ ಧ್ವನಿಸರಣಿ ದಕ್ಷಿಣ ಸ್ಲಾವ್ ಭಾಷೆಗಳಲ್ಲಿ 'ವ್ಲಾದ್' ಆಯಿತು, ಪೂರ್ವದಲ್ಲಿ ನಡುವೆ ಸ್ವರವೊಂದು ಸೇರಿ 'ವೊಲೊದ್' ಆಯಿತು. ನವ್ಗೊರೊದ್, ಲೆನಿನ್‌ಗ್ರಾದ್ ಎಂಬ ಊರಹೆಸರುಗಳಲ್ಲಿರುವ 'ಗೊರೊದ್', 'ಗ್ರಾದ್' ಎರಡೂ ನಗರವೆಂಬ ಒಂದೇ ಪದದಿಂದ ಇದೇ ರೀತಿ ಕವಲೊಡೆದವು. ಹೀಗಾಗಿ ರಷ್ಯನ್ನರ ಮನೆಮಾತಿನ ಹಳೆಯ ರೂಪ ವೊಲೊದಿಮೆರ್. ವ್ಲಾದಿಮಿರ್ ಎಂಬುದು ಬಲ್ಗೇರಿಯಾದಿಂದ ಬಂದ ಚರ್ಚಿನ ಭಾಷೆಯ ಕೊಡುಗೆ. ಮುದ್ದಿನ ರೂಪ 'ವೊಲೊದ್ಯಾ' ಮಾತ್ರ ಹಳೆಯ ಉಚ್ಚಾರವನ್ನೇ ಉಳಿಸಿಕೊಂಡಿದೆ.

ತೊಡಕಿರುವುದು ಎರಡನೆಯ ಅಂಗದಲ್ಲಿ. ಇಂದಿನ ರಷ್ಯನ್ನಿನಲ್ಲಿ 'ಮಿರ್' ಎಂದರೆ ಲೋಕವೂ ಹೌದು, ಶಾಂತಿಯೂ ಹೌದು. ಆದರೆ ಲಾವ್ರೆಂತಿ ಎಂಬ ಸನ್ಯಾಸಿ 1377ರಲ್ಲಿ ಪ್ರತಿಮಾಡಿದ ವೃತ್ತಾಂತದಂಥ ಹಳೆಯ ಹಸ್ತಪ್ರತಿಗಳಲ್ಲಿ ಈ ಅಂಗ ಬಹಳ ಕಡೆ 'ಮಿರ್' ಅಲ್ಲ, 'ಮೆರ್'. ಅಲ್ಲಿ ಬರುವ ಸ್ವರಕ್ಕೆ 'ಯಾತ್' ಎಂಬ ಪ್ರತ್ಯೇಕ ಅಕ್ಷರವೇ ಇತ್ತು. ಲೋಕ, ಶಾಂತಿ ಎಂಬ ಪದಗಳನ್ನು ಆ ಅಕ್ಷರದಿಂದ ಬರೆಯುತ್ತಿರಲಿಲ್ಲ. ಈ 'ಮೆರ್' ಗಾಥಿಕ್ ಭಾಷೆಯಲ್ಲಿ ಹಿರಿದು ಎಂಬರ್ಥದ 'ಮೇರ್ಸ್'ಗೆ ಸಂಬಂಧಿ ಎಂದು ನಿರುಕ್ತಕಾರ ಮಾಕ್ಸ್ ಫಾಸ್ಮರ್ ತನ್ನ ರಷ್ಯನ್ ನಿಘಂಟಿನಲ್ಲಿ (1950–58) ವಿವರಿಸಿದ್ದಾನೆ. 'ಮಿರ್' ಜೊತೆಗಿನ ನಂಟು ಜನ ಆಮೇಲೆ ಕಟ್ಟಿಕೊಂಡದ್ದು. ರಷ್ಯಾದಲ್ಲಿ 1918ಕ್ಕೆ ಮೊದಲು ಲೋಕ, ಶಾಂತಿ ಎಂಬ ಎರಡು 'ಮಿರ್'ಗಳಿಗೂ ಬೇರೆ ಬೇರೆ ಕಾಗುಣಿತವಿತ್ತು. ಈ ಹೆಸರನ್ನು ಲೋಕಾರ್ಥದ 'ಮಿರ್'ನಂತೆಯೇ ಬರೆಯುವುದು ರೂಢಿಯಾಗಿತ್ತು. ಜನಪ್ರಿಯ ಅರ್ಥ ಗಟ್ಟಿಯಾಗಲು ಇದೂ ಕಾರಣವಾಗಿರಬೇಕು.

'ಮೆರ್' ರೂಪಕ್ಕೆ ರಷ್ಯಾದ ಹೊರಗೂ ಸಾಕ್ಷ್ಯವಿದೆ. ವೊಲಿನ್ ಪ್ರಾಂತದ ವೊಲೊದಿಮಿರ್ ಪಟ್ಟಣದ ಹೆಸರು ಲ್ಯಾಟಿನ್ನಿಗೆ 'ಲೊಡೊಮೇರಿಯಾ' ಎಂದು ಹೋಯಿತು. 1772ರಲ್ಲಿ ಪೋಲೆಂಡಿನ ನೆಲ ಹಂಚಿಕೆಯಾದಾಗ ಹ್ಯಾಬ್ಸ್‌ಬರ್ಗ್ ದೊರೆಗಳು ತಮ್ಮ ಪಾಲಿಗೆ 'ಗಲೀಷಿಯಾ-ಲೊಡೊಮೇರಿಯಾ ರಾಜ್ಯ' ಎಂದು ಹೆಸರಿಟ್ಟರು. ಜರ್ಮಾನಿಕ್ ಭಾಷೆಗಳ ವಾಲ್ಡೆಮಾರ್ ಕೂಡ ಇದೇ ಅಂಗಗಳಿಂದಾದ ಹೆಸರು. ಸ್ಲಾವರು ಅದನ್ನು ಎರವಲು ಪಡೆದರೇ, ಎರಡೂ ಸಮಾನ ಪರಂಪರೆಯಿಂದ ಬಂದವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಚರಿತ್ರೆ

ಈ ಹೆಸರಿನ ಮೊದಲ ಪ್ರಸಿದ್ಧ ದೊರೆ ಬಲ್ಗೇರಿಯಾದ ವ್ಲಾದಿಮಿರ್-ರಸಾತೆ (ಆಳ್ವಿಕೆ 889–893). ಹಳೆಯ ಧರ್ಮವನ್ನು ಮರಳಿ ತರಲು ಯತ್ನಿಸಿದನೆಂದು, ಸನ್ಯಾಸಿಯಾಗಿದ್ದ ತಂದೆ ಬೊರಿಸ್ ಮಠದಿಂದ ಹಿಂತಿರುಗಿ ಬಂದು ಅವನನ್ನು ಪಟ್ಟದಿಂದಿಳಿಸಿ ಕಣ್ಣು ಕೀಳಿಸಿದನು.

ಹೆಸರಿಗೆ ಶಾಶ್ವತ ಪ್ರತಿಷ್ಠೆ ತಂದವನು ಕೀವ್‌ನ ವ್ಲಾದಿಮಿರ್ ಸ್ವ್ಯಾತೊಸ್ಲಾವಿಚ್ (ಮರಣ 1015). 988ರ ಸುಮಾರಿಗೆ ಕ್ರೈಸ್ತನಾದಾಗ ಅವನಿಗೆ ದೊರೆತ ದೀಕ್ಷಾಸ್ನಾನದ ಹೆಸರು ವಸೀಲಿ. ಬೈಜಾಂಟಿಯಮ್‌ನ ಸಾಮ್ರಾಟ, ಅವನ ಭಾವಮೈದುನ ಎರಡನೆಯ ಬೆಸಿಲ್‌ನ ಹೆಸರೂ ಅದೇ. ಆದರೂ ಅವನು ಹೊರಡಿಸಿದ ನಾಣ್ಯಗಳ ಮೇಲೆ ವಸೀಲಿ ಇಲ್ಲ. ಸುಮಾರು 4 ಗ್ರಾಂ ತೂಗುವ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಕ್ರಿಸ್ತ, ಇನ್ನೊಂದು ಬದಿಯಲ್ಲಿ ಶಿಲುಬೆ ಹಿಡಿದು ಕುಳಿತ ದೊರೆ, ಅವನ ಹೆಗಲ ಬಳಿ ತ್ರಿಶೂಲದಂಥ ವಂಶಮುದ್ರೆ. ನಾಣ್ಯಗಳ ಅಂಚಿನ ಬರಹ ಸಿಂಹಾಸನದ ಮೇಲಿರುವವನು ವ್ಲಾದಿಮಿರ್ ಎಂದೂ ಇದು ಅವನ ಚಿನ್ನ, ಅವನ ಬೆಳ್ಳಿ ಎಂದೂ ಸಾರುತ್ತದೆ. ಚರ್ಚಿನ ಲಿಪಿಕಾರರ 'ವ್ಲಾದ್' ರೂಪ ಕೀವ್‌ನಲ್ಲಿ ಆಗಲೇ ನೆಲೆಯೂರಿತ್ತೆಂಬುದಕ್ಕೆ ಇದು ಬೆಲೆಯುಳ್ಳ ಆಧಾರ.

ಎರಡು ಹೆಸರು ಹೊತ್ತು ಬಾಳುವ ಈ ಪದ್ಧತಿ ರಾಜಮನೆತನದಲ್ಲಿ ಬಹುಕಾಲ ಉಳಿಯಿತು. ಮೊಮ್ಮಗನ ಮಗ ವ್ಲಾದಿಮಿರ್ ಮೊನೊಮಾಖ್ (1053–1125) ಮಕ್ಕಳಿಗಾಗಿ ಬರೆದ ಉಪದೇಶದಲ್ಲಿ ದೀಕ್ಷೆಯ ಹೆಸರು ವಸೀಲಿ, 'ರುಸ್ ನಾಡಿನ ಹೆಸರು' ವೊಲೊದಿಮಿರ್ ಎಂದು ತನ್ನ ಎರಡೂ ಹೆಸರುಗಳನ್ನು ದಾಖಲಿಸಿದ್ದಾನೆ. ಅವನ ಮರಿಮಗ ಡೆನ್ಮಾರ್ಕಿನ ದೊರೆ ಒಂದನೆಯ ವಾಲ್ಡೆಮಾರ್. ಮುತ್ತಜ್ಜನ ಹೆಸರು ಹೀಗೆ ಡೇನಿಷ್ ರಾಜವಂಶಕ್ಕೆ ಸೇರಿತು. ಕೀವ್‌ನ ವ್ಲಾದಿಮಿರ್ ಸಂತನೆಂದು ಮನ್ನಣೆ ಪಡೆದ ಮೇಲೆ ಈ ಸ್ಲಾವ್ ಹೆಸರೇ ದೀಕ್ಷೆಗೂ ಸಲ್ಲತೊಡಗಿತು. ಹಲವು ದೇಶೀ ಹೆಸರುಗಳು ಕಣ್ಮರೆಯಾದರೂ ಇದು ಉಳಿಯಲು ಅದೇ ಮುಖ್ಯ ಕಾರಣ. ಅವನ ಹಬ್ಬ ಹಳೆಯ ಪಂಚಾಂಗದಂತೆ ಜುಲೈ 15, ಇಂದಿನ ಎಣಿಕೆಯಲ್ಲಿ ಜುಲೈ 28.

ಇಂದಿನ ಬಳಕೆ

ರಷ್ಯನ್ನರ ಮನೆಗಳಲ್ಲಿ ವೊಲೊದ್ಯಾ, ವೋವಾ, ಪುಟ್ಟವರಿಗೆ ವೋವೊಚ್ಕಾ, ಸರ್ಬಿಯದಲ್ಲಿ ವ್ಲಾದಾ. ರಷ್ಯನ್ನಿನಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ, ಜೆಕ್‌ನಲ್ಲಿ ಮೊದಲನೆಯದರ ಮೇಲೆ. ಸೋವಿಯತ್ ಕಾಲದಲ್ಲಿ ವ್ಲಾದಿಮಿರ್ ಲೆನಿನ್ (1870–1924) ಹೆಸರನ್ನು ಕುಗ್ಗಿಸಿ ವ್ಲಾದ್ಲೆನ್ ಎಂದು ಮಕ್ಕಳಿಗೆ ಇಟ್ಟದ್ದುಂಟು. ಸ್ತ್ರೀರೂಪ ವ್ಲಾದಿಮಿರಾ. ಕನ್ನಡ ಪತ್ರಿಕೆಗಳು ಇಂಗ್ಲಿಷ್ ಮೂಲಕ ಪಡೆದು 'ವ್ಲಾಡಿಮಿರ್' ಎಂದು ಬರೆಯುತ್ತವೆ. ಮೂಲದಲ್ಲಿರುವುದು ದಂತ್ಯ ದಕಾರವಾದ್ದರಿಂದ 'ವ್ಲಾದಿಮಿರ್' ಎಂದು ಬರೆಯುವುದೇ ಯುಕ್ತ.