ಪ್ರಹ್ಲಾದನ ಸಾಕ್ಷ್ಯ: ನೀರಾ ನರಸಿಂಹಪುರದಿಂದ ಹೊರಟ ಒಂದು ಟಿಪ್ಪಣಿ

ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ಅಂಚಿನಲ್ಲಿ, ನೀರಾ ನದಿ ಭೀಮೆಯನ್ನು ಕೂಡುವಲ್ಲಿ ನರಸಿಂಹಪುರವಿದೆ. ಕರ್ನಾಟಕದ ಎಷ್ಟೋ ಮನೆತನಗಳಿಗೆ ಇದು ಕುಲದೇವರ ಊರು. ಇಲ್ಲಿಯ ಮರಳಿನ ಮೂರ್ತಿಯನ್ನು ಪ್ರಹ್ಲಾದನೇ ಮಾಡಿ ಪೂಜಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಬಂದವರೆಲ್ಲ ನೆನೆಯುವುದು ತಂದೆಗೆ ಬಗ್ಗದ ಆ ಬಾಲಕನನ್ನು. ಅದೇ ಪ್ರಹ್ಲಾದ ಮುಂದೆ ತಾನೇ ತಂದೆಯಾಗಿ, ಹೆತ್ತ ಮಗನಿಗೆ ವಿರುದ್ಧವಾಗಿ ನುಡಿಯಬೇಕಾಗಿ ಬಂದ ಕಥೆ ಅಷ್ಟಾಗಿ ಬಳಕೆಯಲ್ಲಿಲ್ಲ. ತಪ್ಪು ಮಾಡದವನೊಬ್ಬ ಜೈಲಿನಲ್ಲಿದ್ದಾನೆ, ಮಾಡಿದವನು ನಮ್ಮ ಮನೆಯವನೇ ಎಂದು ತಿಳಿದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಇದಕ್ಕಿಂತ ಹತ್ತಿರದ ಕಥೆಯನ್ನು ನಾನು ಕಂಡಿಲ್ಲ.

ಕೇಶಿನಿ ಎಂಬ ಕನ್ಯೆಯ ನೆವದಲ್ಲಿ ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸನ ಮಗ ಸುಧನ್ವನಿಗೂ ಯಾರು ಮೇಲು ಎಂಬ ವಾದ ಹುಟ್ಟುತ್ತದೆ. ಇಬ್ಬರೂ ಪ್ರಾಣವನ್ನೇ ಪಣವಿಟ್ಟು ಪ್ರಹ್ಲಾದನ ಬಳಿಗೆ ಬರುತ್ತಾರೆ. ಅವನು ನಿಜ ನುಡಿದರೆ ಮಗನ ತಲೆ ಹೋಗುತ್ತದೆ, ಸುಳ್ಳಾಡಿದರೆ ನಿರಪರಾಧಿಯ ತಲೆ. ಮಹಾಭಾರತದ ಸಭಾಪರ್ವದ ಪಾಠದಲ್ಲಿ ಅವನು ಕಶ್ಯಪನ ಹತ್ತಿರ ಹೋಗಿ ಸುಳ್ಳಾಡುವವನ ಗತಿಯನ್ನಷ್ಟೇ ಅಲ್ಲ, ಉತ್ತರವನ್ನೇ ಕೊಡದವನ ಗತಿಯನ್ನೂ ಕೇಳುತ್ತಾನೆ. ಬಲ್ಲವನು ಬಾಯಿ ಮುಚ್ಚಿದರೆ ವರುಣನ ಸಾವಿರ ಪಾಶಗಳು ಅವನನ್ನು ಬಿಗಿಯುತ್ತವೆ, ವರ್ಷಕ್ಕೊಂದರಂತೆ ಸಡಿಲುತ್ತವೆ ಎಂಬುದು ಕಶ್ಯಪನ ಉತ್ತರ. ಪ್ರಹ್ಲಾದ ಸುಧನ್ವನೇ ಮೇಲೆಂದು ನುಡಿಯುತ್ತಾನೆ. ಮೆಚ್ಚಿದ ಸುಧನ್ವ ಮಗನ ಪ್ರಾಣವನ್ನು ತಂದೆಗೆ ಮರಳಿ ಕೊಡುತ್ತಾನೆ. ವಿದುರ ಈ ಕಥೆಯನ್ನು ಹೇಳುವ ಎರಡು ಸಂದರ್ಭಗಳನ್ನೂ ಗಮನಿಸಬೇಕು. ಒಮ್ಮೆ ಹೇಳುವುದು ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ಮೌನವಾಗಿ ಕುಳಿತ ದ್ಯೂತಸಭೆಯಲ್ಲಿ. ಇನ್ನೊಮ್ಮೆ, ಉದ್ಯೋಗಪರ್ವದಲ್ಲಿ, ಮಗನ ಮೋಹ ಬಿಡಲಾಗದ ಧೃತರಾಷ್ಟ್ರನೆದುರು.

ಕಥೆಯಿಂದ ಶಾಸ್ತ್ರಕ್ಕೆ ಬಂದರೆ, ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಬರೆದ ಮಿತಾಕ್ಷರ ಇದೇ ಇಕ್ಕಟ್ಟನ್ನು ಬಿಡಿಸಲು ಯತ್ನಿಸುತ್ತದೆ. ದಾಯಭಾಗದ (ಆಸ್ತಿ ಹಂಚಿಕೆಯ) ಗ್ರಂಥವೆಂದೇ ಅದನ್ನು ಓದುವ ರೂಢಿ ನಮ್ಮಲ್ಲಿ ಬೆಳೆದಿದೆ; ಅದರ ಸಾಕ್ಷಿಪ್ರಕರಣಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಅದು ವ್ಯಾಖ್ಯಾನಿಸುವ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿ, ತಿಳಿದೂ ಸಾಕ್ಷ್ಯ ಕೊಡದವನನ್ನು ಪಾಪದಲ್ಲೂ ದಂಡದಲ್ಲೂ ಸುಳ್ಳುಸಾಕ್ಷಿಗೆ ಸಮನೆನ್ನುತ್ತದೆ. ಆಪ್ತರನ್ನು ಅದು ಸಾಕ್ಷಿಗಳ ಪಟ್ಟಿಯಿಂದ ಹೊರಗಿಡುತ್ತದಾದರೂ ಕಳವು, ಸಾಹಸ (ಹಿಂಸಾಕೃತ್ಯ) ಇಂಥ ಪ್ರಕರಣಗಳಲ್ಲಿ ಯಾರು ಬೇಕಾದರೂ ಸಾಕ್ಷಿಯಾಗಬಹುದೆಂದು ಬಾಗಿಲು ತೆರೆಯುತ್ತದೆ. ತೊಡಕು ಇರುವುದು ಇನ್ನೊಂದು ಶ್ಲೋಕದಲ್ಲಿ: ನಿಜ ಹೇಳಿದರೆ ಒಬ್ಬನ ವಧೆಯಾಗುವಲ್ಲಿ ಸುಳ್ಳಾಡಬಹುದು, ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂಬ ಅನುಮತಿ. ತಪ್ಪು ಮಾಡಿದ ಅಣ್ಣನನ್ನು ಉಳಿಸಬೇಕೆನ್ನುವ ತಮ್ಮ ಹಿಡಿಯಬಹುದಾದ ಶ್ಲೋಕ ಇದೇ.

ವಿಜ್ಞಾನೇಶ್ವರ ಅದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸುಳ್ಳಿನಿಂದ ಬೇರೆ ಯಾರಿಗೂ ಸಾವು ಬಾರದಿದ್ದರೆ ಮಾತ್ರ ಆ ಅನುಮತಿ ಎನ್ನುತ್ತಾನೆ. ನಿಜ ಹೇಳಿದರೆ ಒಬ್ಬ, ಸುಳ್ಳು ಹೇಳಿದರೆ ಇನ್ನೊಬ್ಬ ಸಾಯುವಂತಿದ್ದರೆ, ರಾಜ ಒಪ್ಪಿದಲ್ಲಿ ಸಾಕ್ಷಿ ಸುಮ್ಮನಿರಬಹುದು. ರಾಜ ಬಿಡದಿದ್ದರೆ ಮಾತಿನಲ್ಲಿ ವ್ಯತ್ಯಾಸ ತೋರಿ ಸಾಕ್ಷಿಯಾಗಲು ತಾನು ಅನರ್ಹನಾಗಬೇಕು. ಅದೂ ಆಗದಿದ್ದರೆ ನಿಜವನ್ನೇ ಹೇಳಬೇಕು. ಸುಳ್ಳಾಡಿದರೆ ವಧೆ, ಅನೃತ ಎರಡರ ದೋಷವೂ ತಟ್ಟುತ್ತದೆ. ಒಂಬತ್ತು ಶತಮಾನಗಳ ಹಿಂದೆ ಕನ್ನಡ ನೆಲದಲ್ಲಿ ಕುಳಿತ ಒಬ್ಬ ಪಂಡಿತ ಸಾಕ್ಷಿಯ ಸಂಕಟವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡಿದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಆದರೆ ಅವನು ಕೊಟ್ಟ ಮೌನದ ಅವಕಾಶ ತೀರ್ಪಿಗೆ ಮುಂಚಿನದು. ಆಗ ತಕ್ಕಡಿಯ ಎರಡೂ ತಟ್ಟೆ ಸಮನಾಗಿರುತ್ತವೆ. ತಪ್ಪು ತೀರ್ಪು ಹೊರಬಿದ್ದ ಮೇಲೆ ಒಂದು ತಟ್ಟೆ ಆಗಲೇ ಕೆಳಗಿಳಿದಿರುತ್ತದೆ; ಸುಮ್ಮನಿದ್ದಷ್ಟು ದಿನವೂ ಮೌನ ಆ ತೀರ್ಪಿನ ಪರವಾಗಿಯೇ ನುಡಿಯುತ್ತಿರುತ್ತದೆ. ಮಿತಾಕ್ಷರದ ಆ ಅನುಮತಿಯನ್ನು ಶಿಕ್ಷೆಯಾದ ನಂತರದ ದಿನಗಳಿಗೆ ಎಳೆಯಬಾರದು ಎಂಬುದು ನನ್ನ ವಾದ. ಇನ್ನೊಂದು ಮಾತೂ ಇದೆ. 1980ರ ಬಚ್ಚನ್ ಸಿಂಗ್ ತೀರ್ಪಿನ ನಂತರ ಮರಣದಂಡನೆ ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತ. ನಿಜ ಹೇಳಿದರೆ ಅಣ್ಣನ ಕೊರಳಿಗೆ ಹಗ್ಗ ಎಂಬ ಭಯಕ್ಕೆ ಹಿಂದಿನಷ್ಟು ಆಧಾರ ಉಳಿದಿಲ್ಲ.

ಇಂದಿನ ಕಾನೂನು ರಕ್ತಸಂಬಂಧಕ್ಕೆ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಅದು ಗುರುತಿಸುವುದು ದಾಂಪತ್ಯವನ್ನು ಮಾತ್ರ. ಅಪರಾಧಿಗೆ ಆಶ್ರಯ ಕೊಟ್ಟ ತಾಯಿ ತಪ್ಪಿತಸ್ಥೆ, ಹೆಂಡತಿ ಅಲ್ಲ. ಗಂಡ ಹೆಂಡತಿಗೆ ಹೇಳಿದ ಮಾತಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೆಯ ಕಲಮಿನ ಕಾವಲಿದೆ; ಹಳೆಯ ಕಾಯ್ದೆಯಲ್ಲಿ ಅದು 122. ಆ ಕಾವಲು ಮಾತಿಗೆ ಮಾತ್ರ, ಕಣ್ಣಿಗಲ್ಲ. 1954ರ ರಾಮ್ ಭರೋಸೆ ಪ್ರಕರಣದಲ್ಲಿ, ಬೆಳಗಿನ ಜಾವ ಗಂಡ ಮಾಳಿಗೆಯಿಂದ ಇಳಿದು ಹೊಟ್ಟಿನ ಕೋಣೆಗೆ ಹೋಗಿ ಸ್ನಾನ ಮಾಡಿದ್ದನ್ನು ಕಂಡೆನೆಂಬ ಹೆಂಡತಿಯ ಸಾಕ್ಷ್ಯವನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಒಡವೆಯ ಬಗ್ಗೆ ಅವನು ಆಡಿದ ಮಾತನ್ನು ತಳ್ಳಿಹಾಕಿತು. ಅಣ್ಣತಮ್ಮಂದಿರ ನಡುವಿನ ಮಾತಿಗೆ ಇಂಥ ಕಾವಲಿಲ್ಲ. ಆದರೂ ಅಣ್ಣ ನನ್ನೆದುರು ಒಪ್ಪಿಕೊಂಡ ಎಂಬುದು ದುರ್ಬಲ ಸಾಕ್ಷ್ಯವೆಂದೇ ನ್ಯಾಯಾಲಯಗಳು ಎಣಿಸುತ್ತವೆ. ಆ ರಾತ್ರಿ ಅವನು ಎಷ್ಟು ಹೊತ್ತಿಗೆ ಮನೆಗೆ ಬಂದ, ಯಾವ ಬಟ್ಟೆ ಒಗೆದ, ಏನನ್ನು ಎಲ್ಲಿ ಹೂತ ಎಂಬ ಕಂಡ ಸಂಗತಿಗಳಿಗೆ ತೂಕ ಹೆಚ್ಚು. ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿರುವವನು ತಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಮೊದಲು ಬೇರ್ಪಡಿಸಿ ಬರೆದಿಡುವುದು ಒಳ್ಳೆಯದು.

ತಡವಾದಷ್ಟೂ ದಾರಿ ಕಿರಿದಾಗುತ್ತದೆ. ಮೇಲ್ಮನವಿಯ ಹಂತದಲ್ಲಿ ಹೊಸ ಸಾಕ್ಷ್ಯ ಪಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 432ನೆಯ ಕಲಮು ಅವಕಾಶ ಕೊಡುತ್ತದೆ. ಸುಪ್ರೀಂ ಕೋರ್ಟಿನ ತೀರ್ಪೂ ಆದ ಮೇಲೆ ಉಳಿಯುವುದು ಮರುಪರಿಶೀಲನೆ, ಕ್ಯುರೇಟಿವ್ ಅರ್ಜಿ, ಕ್ಷಮಾದಾನ. ಇಂದಾಪುರದವನಿಗೆ ಹೈಕೋರ್ಟೆಂದರೆ ಮುಂಬೈ. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದ ಪೀಠಕ್ಕೆ ನೆರೆಯ ಸೊಲ್ಲಾಪುರ ಜಿಲ್ಲೆ ಸೇರಿತು, ಪುಣೆ ಸೇರಲಿಲ್ಲ.

ದಾರಿ ಎಷ್ಟು ಕಿರಿದು ಎಂಬುದಕ್ಕೆ ಮಹಾರಾಷ್ಟ್ರದ್ದೇ ಉದಾಹರಣೆಯಿದೆ. 2003ರಲ್ಲಿ ನಾಸಿಕ ಜಿಲ್ಲೆಯಲ್ಲಿ ನಡೆದ ಕೊಲೆಗಳಿಗಾಗಿ ಅಲೆಮಾರಿ ಸಮುದಾಯದ ಆರು ಮಂದಿಗೆ ಗಲ್ಲು ವಿಧಿಸಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಗೆ ಗಲ್ಲನ್ನೇ ಖಾಯಂ ಮಾಡಿತು. ಬದುಕುಳಿದ ಹೆಂಗಸು ಘಟನೆಯ ಬೆನ್ನಲ್ಲೇ ಪೊಲೀಸರ ಫೋಟೊಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರ ಜಾಡನ್ನು ಯಾರೂ ಹಿಡಿಯಲಿಲ್ಲ. 2019ರ ಮಾರ್ಚ್ 5ರಂದು, ಮೂಡುಬಿದಿರೆ ಕಡೆಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದ ಪೀಠ ಆರೂ ಮಂದಿಯನ್ನು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅವರನ್ನು ಉಳಿಸುವಲ್ಲಿ ಕಡತದಲ್ಲಿ ಉಳಿದಿದ್ದ ಆ ಗುರುತಿಸುವಿಕೆಯ ಪಾತ್ರ ದೊಡ್ಡದು. ಅಂಥ ಕಾಗದವೇ ಇಲ್ಲದ ಕಡೆ ಉಳಿಯುವುದು ಮನೆಯವರ ಬಾಯಿ ಒಂದೇ. ಆ ಬಾಯಿ ತಡವಾಗಿ ತೆರೆದದ್ದರ ಫಲವನ್ನು ಟೆಕ್ಸಾಸಿನ ಕಾರ್ಲೊಸ್ ಡಿಲೂನನ ಪ್ರಕರಣದಲ್ಲಿ ಕಾಣಬಹುದು. ಕೊಲೆಯೊಂದಕ್ಕಾಗಿ 1989ರ ಡಿಸೆಂಬರಿನಲ್ಲಿ ಅವನ ಮರಣದಂಡನೆ ಜಾರಿಯಾಯಿತು. ಅದೇ ಹೆಸರಿನ ಇನ್ನೊಬ್ಬ, ಕಾರ್ಲೊಸ್ ಹೆರ್ನಾಂಡೆಸ್, ಆ ಕೊಲೆ ತನ್ನದೆಂದು ಹೇಳಿಕೊಂಡು ತಿರುಗುತ್ತಿದ್ದುದನ್ನು ಅವನ ಬಂಧುಗಳೂ ಗೆಳೆಯರೂ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗೆ ತಿಳಿಸಿದ ವರದಿ ಬಂದದ್ದು 2006ರಲ್ಲಿ.

ನುಡಿಯಲು ನಿರ್ಧರಿಸಿದವನ ಮುಂದೆ ಸುಧನ್ವನಂಥವರು ನಿಂತಿರುವುದಿಲ್ಲ. ಅಣ್ಣನ ಜೊತೆ ಒಂದೇ ಅಂಗಳ, ಒಂದೇ ಕಬ್ಬಿನ ಹೊಲ, ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇದ್ದರೆ ಭಯ ಹೊರಗಿನಿಂದ ಬರಬೇಕಿಲ್ಲ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆ, ಅಪರಾಧದ ಬಗ್ಗೆ ಮಾಹಿತಿ ಉಳ್ಳ ಯಾರನ್ನಾದರೂ ಸಾಕ್ಷಿ ಎಂದೇ ಪರಿಗಣಿಸುತ್ತದೆ. ಸಮನ್ಸ್ ಬರುವವರೆಗೆ ಕಾಯಬೇಕಿಲ್ಲ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿದರೆ ಬೆದರಿಕೆಯ ಬಗ್ಗೆ ಪೊಲೀಸರ ವರದಿ ಐದು ಕೆಲಸದ ದಿನಗಳಲ್ಲಿ ಬರಬೇಕು. ಯೋಜನೆಯು ಕಾವಲು, ಗುಟ್ಟು ಕಾಯುವುದು, ಬೇರೆ ಕಡೆಗೆ ಸ್ಥಳಾಂತರ ಎಲ್ಲವನ್ನೂ ಹೆಸರಿಸುತ್ತದೆ. ಮನೆಯೊಳಗಿನಿಂದಲೇ ಎದ್ದು ಬರುವ ಸಾಕ್ಷಿ ಮೊದಲು ಕೇಳಬೇಕಾದ್ದು ಈ ಸ್ಥಳಾಂತರವನ್ನು, ಅದೂ ಹೇಳಿಕೆಗೆ ಸಹಿ ಹಾಕುವ ಮುನ್ನ.